ಹಿಮ್ಮಡಿಯ ಬಿರುಕು

ಮಾಲು ನಂಬರ್ ಅರವತ್ತೆರಡು. ಕ್ಯಾನ್ವಾಸಿನ ಮೇಲೆ ತೈಲವರ್ಣ.
ಮಂಚದಂಚಿಗೆ ಕೂತು ಕಾಲುಗುರು ತೆಗೆಯುತ್ತಿರುವ ಗಂಡಸು.
ಬನಿಯನ್ನು, ಮಡಚಿದ ಪ್ಯಾಂಟು, ಹೊಟ್ಟೆಯ ಎರಡು ಮಡಿಕೆ.
ಲೋಡೆ ಕ್ವಿಂಟೆನ್ಸ್, ಸಹಿ ಕೆಳಗೆ ಬಲಕ್ಕೆ, ಇಸವಿ ಎಂಬತ್ತಾರು.
ಅಂದಾಜು: ಹದಿನೆಂಟರಿಂದ ಇಪ್ಪತ್ತನಾಲ್ಕು ಸಾವಿರ ಯೂರೋ.

ಆಂಟ್‌ವರ್ಪಿನ ಈ ಹರಾಜು ಮನೆಯಲ್ಲಿ ನನ್ನ ಕೆಲಸ
ಚಂದ ನೋಡುವುದಲ್ಲ, ಊನ ನೋಡುವುದು.
ನೆಲಮಾಳಿಗೆಯಲ್ಲಿ ದೀಪ ಆರಿಸಿ, ನೇರಳೆ ಬೆಳಕು ಹಿಡಿದು
ಇಂಚಿಂಚೂ ಜಾಲಾಡುತ್ತೇನೆ, ಪೇನು ಹೆಕ್ಕುವ ಹಾಗೆ:
ಎಲ್ಲಿ ಬಣ್ಣ ಎದ್ದಿದೆ, ಎಲ್ಲಿ ಯಾರೋ ಆಮೇಲೆ ತೇಪೆ ಹಾಕಿದ್ದಾರೆ.
ಮೂಲೆಯಲ್ಲಿ ತೇವದ ಕಲೆ. ಚೌಕಟ್ಟಿಗೆ ಒಂದು ಮೊಳೆ ಕಡಿಮೆ.
ಉಳಿದಂತೆ ಸುಸ್ಥಿತಿ ಎಂದು ಬರೆದೆ.

ಸೋಮವಾರ ಕ್ನೊಕ್ಕೆಯಿಂದ ಒಬ್ಬ ದಂತವೈದ್ಯರ ಫೋನು.
"ಫೋಟೋದಲ್ಲಿ ಎಡಗಾಲ ಹಿಮ್ಮಡಿ ಬಿರುಕು ಬಿಟ್ಟ ಹಾಗಿದೆ.
ಬಣ್ಣದ್ದೋ?"
"ಅಲ್ಲ ಸ್ವಾಮಿ, ಕಾಲಿನದು."
"ಖಾತ್ರಿಯೇ?"

ಭೂತಗನ್ನಡಿ ಹಿಡಿದು ಮತ್ತೆ ಇಳಿದೆ.
ಐದು ಸೀಳು. ಒಂದೊಂದನ್ನೂ ಕೂದಲೆಳೆಯ ಕುಂಚದಲ್ಲಿ
ಕಡುಗಂದು ಎಳೆದು, ಅಂಚಿಗೆ ಸತ್ತ ಚರ್ಮದ ಬಿಳುಪು ತುಂಬಿ,
ಆಳದಲ್ಲಿ ಒಂದು ಚುಕ್ಕೆ ಕೆಂಪು.
ಒಡೆದದ್ದು ಚಿತ್ರವಲ್ಲ, ಎಂದು ಬರೆದು ಕಳಿಸಿದೆ.
"ಮುಚ್ಚಿಸಲು ಎಷ್ಟಾಗಬಹುದು?" ಎಂದು ಉತ್ತರ ಬಂತು.

ಬುಧವಾರ, ಸಾರ್ವಜನಿಕರಿಗೆ ನೋಡಲು ಬಿಟ್ಟ ದಿನ,
ಚಕ್ರದ ಕೈಚೀಲ ಎಳೆದುಕೊಂಡು ಒಬ್ಬ ಮುದುಕಿ ಬಂದಳು.
ಚೀಲದಿಂದ ಲೀಕ್ ಸೊಪ್ಪು ಇಣುಕುತ್ತಿತ್ತು.
ಬೆಲೆಪಟ್ಟಿ ಬೇಡ ಅಂದಳು. ಚಿತ್ರದ ಮುಂದೆ ನಿಂತು
ನಕ್ಕುಬಿಟ್ಟಳು, ಬಾಯಿಗೆ ಕೈ ಅಡ್ಡ ಹಿಡಿದು.

"ನಮ್ಮ ರೆಮಿ. ಹಡಗುಕಟ್ಟೆಯಲ್ಲಿ ಮೂಟೆ ಹೊತ್ತು ಹೊತ್ತು
ಸೊಂಟ ಹೋಗಿತ್ತು, ಬಗ್ಗೋಕೇ ಆಗ್ತಿರಲಿಲ್ಲ ಕಣಮ್ಮ.
ಶನಿವಾರ ಶನಿವಾರ ಅವನ ಕಾಲು ನನ್ನ ತೊಡೆ ಮೇಲೆ.
ಆ ಚಿತ್ರಗಾರನಿಗೆ ನಾನು ಬೇಡವಾದೆ. ಒಬ್ಬನೇ ಬೇಕು ಅಂದ,
ಬಗ್ಗಿ ಕೂರು ಅಂದ. ಗಂಟೆಗೆ ಇನ್ನೂರು ಫ್ರಾಂಕ್.
ಕೂತ. ಹನ್ನೊಂದು ದಿನ.
ಎದ್ದ ಮೇಲೆ ಮೆಟ್ಟಿಲು ಇಳಿಸೋಕೆ ಇಬ್ಬರು ಬೇಕಾದರು.
ಉಗುರು? ಒಂದು ತೆಗೆಯೋ ಹೊತ್ತಿಗೆ ಸಾಕಾಯ್ತು ಅವನಿಗೆ.
ಉಳಿದದ್ದು ಮನೇಲಿ ನಾನೇ."

ವರದಿಯಲ್ಲಿ ಇದಕ್ಕೆ ಕಾಲಂ ಇಲ್ಲ.
ಕ್ಯಾಟಲಾಗಿನಲ್ಲಿ 'ರಾಜಿಯಿಲ್ಲದ ವಾಸ್ತವ' ಎಂದು ಅಚ್ಚಾಗಿಹೋಗಿತ್ತು.
ಟ್ರಾಮ್ ಬರುವ ಹೊತ್ತಾಯಿತೆಂದು ಅವಳು ಹೋದಳು.

ಹರಾಜು. ಎರಡು ಟೆಲಿಫೋನು, ಮೂರನೇ ಸಾಲಿನ ಒಂದು ಕೈ.
ಬೆರ್ಟೆನ್ ಬಿಳಿ ಗವಸು ತೊಟ್ಟು ಚಿತ್ರ ಎತ್ತಿ ನಿಂತ;
ಅವನ ಮೊಣಕೈ ನಡುಗುವುದನ್ನು ಯಾರೂ ನೋಡಲಿಲ್ಲ.
ಹದಿನಾರು. ಹದಿನೇಳು. ಹತ್ತೊಂಬತ್ತೂವರೆ.
ಮೇಲಿನ ದೀಪ ಓರೆಯಾಗಿ ಬಿದ್ದಾಗ ಕಂಡೆ:
ಮೂರು ವಾರ ಜಾಲಾಡಿದ ನನ್ನ ಕಣ್ಣಿಗೆ ಬೀಳದೆ,
ಸಹಿಯ ಪಕ್ಕದಲ್ಲೇ, ಹಲಗೆ ನೆಲದ ಮೇಲೆ,
ಬಿದಿಗೆಯ ಚಂದ್ರನಂತೆ ಬಾಗಿ, ಹಳದಿಗಟ್ಟಿ,
ಉಗುರಿನ ಚೂರು.
ಧೂಳೆಂದುಕೊಂಡಿದ್ದೆನೇನೋ.

ಇನ್ನೂ ಇವೆಯೇ ಎಂದು ಮಂಚದ ಕೆಳಗೆಲ್ಲ ಹುಡುಕುತ್ತಿದ್ದೆ,
ಸುತ್ತಿಗೆ ಬಿತ್ತು.
ಎಷ್ಟಕ್ಕೆ ಹೋಯಿತೆಂದು ಆಮೇಲೆ ಬೆರ್ಟೆನ್‌ನನ್ನು ಕೇಳಬೇಕಾಯಿತು.

ಒಂದೇ ಇತ್ತು.