ಸಾಯಬಾರದು, ಬೆಳೆಯಲೂ ಬಾರದು

ಏಪ್ರಿಲ್ ಬಂತೆಂದರೆ ನಮ್ಮ ನರ್ಸರಿಗೆ ಬರುವವರದು
ಒಂದೇ ಬೇಡಿಕೆ:
ಮನೆಮುಂದೆ, ಗೋಡೆಯ ಬುಡಕ್ಕೆ, ಏನಾದರೂ ಹಸಿರು ಕೊಡಿ.
ನೀರು ಕೇಳಬಾರದು, ಕತ್ತರಿ ಕೇಳಬಾರದು,
ಜಿಂಕೆ ಮೂಸಬಾರದು, ಕಿಟಕಿ ಮುಚ್ಚಬಾರದು,
ಸಾಯಬಾರದು,
ಹಾಗಂತ ಬೆಳೆಯಲೂ ಬಾರದು.

ಇಪ್ಪತ್ತೆರಡು ವರ್ಷದಿಂದ ತಲೆಯಾಡಿಸುತ್ತಿದ್ದೇನೆ.
ಕ್ಯಾನ್ಸಸ್ಸಿನ ಗಾಳಿ ಕುಂಡಗಳನ್ನು ಉರುಳಿಸುತ್ತದೆ,
ನಾನು ಎತ್ತಿ ನಿಲ್ಲಿಸುತ್ತೇನೆ, ಮತ್ತೆ ಉರುಳಿಸುತ್ತದೆ.
ಅಂಥ ಗಿಡ ಇದೆ, ಎನ್ನುತ್ತೇನೆ ಒಮ್ಮೊಮ್ಮೆ,
ಹೆದ್ದಾರಿಯಾಚೆಯ ಅಲಂಕಾರದಂಗಡಿಯಲ್ಲಿ,
ಬಟ್ಟೆಯದು.
ಯಾರೂ ನಗುವುದಿಲ್ಲ.

ಈ ಸಲ ಆರ್ಲಿಸ್ ಅನ್ರೂ ಬಂದಳು, ಗಂಡ ವರ್ಲಿನ್ನನ ಜೊತೆ.
ಅವಳ ಕೈಯಲ್ಲಿ ಅಳತೆ ಬರೆದ ಹಳೆಯ ಲಕೋಟೆ,
ಅವನ ಕೈ ಎರಡೂ ಕೋಟಿನ ಜೇಬಿನಲ್ಲಿ.
ನಲವತ್ತು ವರ್ಷ ಈ ಸುತ್ತಿನ ಮನೆಗಳಿಗೆ ಪಾಯ ಹೊಯ್ದವನು.
ಅರ್ಧ ಊರು ಅವನ ಕಾಂಕ್ರೀಟಿನ ಮೇಲೆ ಮಲಗಿ ಏಳುತ್ತದೆ.

"ಬಾಗಿಲಿನ ಎಡಕ್ಕೆ ಹದಿನಾಲ್ಕು ಅಡಿ," ಅಂದಳು,
"ಬಲಕ್ಕೆ ಇಪ್ಪತ್ತನಾಲ್ಕು. ಆ ಬೂದು ಪಟ್ಟಿ ಕಾಣಬಾರದು ನೋಡಿ,
ಒಳಲಂಗ ಇಣುಕಿದ ಹಾಗಿದೆ."
"ಆ ಬೂದು ಪಟ್ಟಿ," ಅಂದ ವರ್ಲಿನ್, ಆಕಾಶಕ್ಕೆ,
"ಆ ಮನೇಲಿ ನಾನು ಮಾಡಿದ್ದು ಅದೊಂದೇ."

ಬಾಕ್ಸ್‌ವುಡ್ ತೋರಿಸಿದೆ.
ಬೆಕ್ಕಿನ ಉಚ್ಚೆಯ ವಾಸನೆ, ಮೂಗು ಮುಚ್ಚಿದಳು.
ಯೂ ಗಿಡದ ಬೀಜ ವಿಷ, ಮರಿಮಗ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತಾನೆ, ಬೇಡ.
ಬಾರ್ಬೆರಿಯ ಮುಳ್ಳಿಗೆ ಗಾಳಿ ತಂದು ಸಿಕ್ಕಿಸುವ
ಚಿಪ್ಸ್ ಪೊಟ್ಟಣಗಳನ್ನು ಬಿಡಿಸುವವರು ಯಾರು?
ಸ್ಪೈರಿಯಾ? ಮೇ ತಿಂಗಳಲ್ಲಿ ಮದುವಣಗಿತ್ತಿ,
ಜನವರಿಯಲ್ಲಿ ಪೊರಕೆ.

ಕೊನೆಗೆ ಕುಳ್ಳ ಜೂನಿಪರ್ ಎದುರು ನಿಂತಳು.
ಚೀಟಿ ತಿರುಗಿಸಿ ಗಟ್ಟಿಯಾಗಿ ಓದಿದಳು:
"ಹತ್ತು ವರ್ಷಕ್ಕೆ ಮೂರು ಅಡಿ. ನಿಗಾ ಬೇಕಿಲ್ಲ."
ವರ್ಲಿನ್ ಮೊದಲ ಸಲ ಕೈ ಹೊರಗೆ ತೆಗೆದು
ಬೆರಳು ಮಡಚಿದ, ಬಿಡಿಸಿದ.
"ಎಂಬತ್ತೊಂಬತ್ತು," ಅಂದ.
ಏನದು ಎಂದು ಯಾರೂ ಕೇಳಲಿಲ್ಲ.
ಒಂಬತ್ತು ಗಿಡ ಕೊಂಡರು.

ಗುರುವಾರ ನೆಡಲು ಹೋದೆ.
ಗೋಡೆಯಿಂದ ಮೂರಡಿ ಬಿಟ್ಟು ಗುಂಡಿ ತೆಗೆಯಬೇಕು.
ಅಂಗೈಯಗಲದ ಗಿಡಕ್ಕೆ ಇಷ್ಟು ಜಾಗವೇ ಎಂದು ಎಲ್ಲರೂ ಕೇಳುತ್ತಾರೆ,
ಕಣ್ಣೆದುರಿಗಿಲ್ಲದ ಗಾತ್ರವನ್ನು ಯಾರು ನಂಬುತ್ತಾರೆ?
ಅವನು ಕೇಳಲಿಲ್ಲ.
ಟೇಪಿನ ಇನ್ನೊಂದು ತುದಿ ಹಿಡಿದು ನಿಂತ.
ಆರನೆಯ ಗುಂಡಿಗೆ ಸನಿಕೆ ಊರಿದಾಗ
"ಅಲ್ಲಿ ಬೇಡ," ಅಂದ.

ಮಂಡಿ ಬಗ್ಗದು. ಊರುಗೋಲಿನ ತುದಿಯಿಂದ ತೋರಿಸಿದ:
ಕೂದಲೆಳೆಯ ಬಿರುಕು, ಮಣ್ಣಿನಿಂದ ಮೇಲಕ್ಕೆ,
ಉದ್ದಕ್ಕೂ ಪೆನ್ಸಿಲ್ಲಿನ ಅಡ್ಡಗೆರೆಗಳು,
ಒಂದೊಂದಕ್ಕೂ ತಾರೀಖು.
ಅಕ್ಟೋಬರ್ ೮೧. ಆಗಸ್ಟ್ ೮೮.
ಜುಲೈ ೯೩, ಅದರ ಪಕ್ಕ 'ಮಳೆ' ಎಂದು.
ಆಮೇಲೆ ಬಹಳ ಕಾಲ ಏನಿಲ್ಲ.
ಆಮೇಲೆ ಹೋದ ವರ್ಷದ್ದು, ಕೈ ನಡುಗಿದ ಗೆರೆ.

"ಈ ಜೇಡಿಮಣ್ಣು ಸುಮ್ನಿರೋದಲ್ಲ," ಅಂದ.
"ನೆನೆದರೆ ಉಬ್ಬುತ್ತೆ, ಒಣಗಿದರೆ ಸರಿಯುತ್ತೆ.
ಮನೆ ಬೀಳಲ್ಲ. ಆದರೂ
ಒಬ್ರು ನೋಡ್ತಾ ಇರಬೇಕು."

ಆರ್ಲಿಸ್ ಮೆಟ್ಟಿಲ ಮೇಲಿದ್ದಳು, ಕೈಯಲ್ಲಿ ಲಕೋಟೆ.
ಅವಳ ಲೆಕ್ಕದ ನಡುವೆ ನಾಲ್ಕಡಿ ಬೂದು ಉಳಿಯುತ್ತಿತ್ತು,
ಬೀದಿಯಲ್ಲಿ ಹೋಗಿಬರುವವರ ಕಣ್ಣಿಗೆ ನೇರ.
ಬೈಯುತ್ತಾಳೆಂದುಕೊಂಡೆ.
ಒಳಗೆ ಹೋಗಿ ಮಡಚುವ ಕುರ್ಚಿ ತಂದು
ಆ ಸಂದಿನಲ್ಲಿ ಬಿಡಿಸಿಟ್ಟಳು.
ಕಾಲು ಅಲ್ಲಾಡಿತು. ತೆಗೆದು,
ಲಕೋಟೆಯನ್ನು ನಾಲ್ಕು ಮಡಿಕೆ ಮಾಡಿ ಅಡಿಗಿಟ್ಟಳು.

ಎಂಟು ಗಿಡ ನೆಟ್ಟು, ನೀರು ಹೊಯ್ದು,
ಒಂಬತ್ತನೆಯದನ್ನು ಟ್ರಕ್ಕಿನ ಮುಂದಿನ ಸೀಟಿನಲ್ಲಿ
ವಾಪಸು ತಂದೆ.
ಕಂಪನಿಯ ಚೀಟಿಯಲ್ಲಿ ಕಾರಣ ಬರೆಯಲೇಬೇಕು.
ಪೆನ್ನು ಹಿಡಿದು ತುಸು ಹೊತ್ತು ಕೂತು
'ಜಾಗವಿಲ್ಲ' ಎಂದು ಬರೆದೆ.