ಸಂಚಿಯೊಳಗಿನ ನೆಟ್ಟು

ಶಿಡ್ಲಘಟ್ಟದ ನಮ್ಮ ಓಣಿಗೆ ಕೇಬಲ್ಲು ಬರುವುದಿಲ್ಲವಂತೆ.
ಆರು ಮನೆ ಒಪ್ಪಿದರೆ ತಂತಿ ಎಳೀತೀವಿ ಎಂದ ಹುಡುಗ
ಕಂಬದ ಕೆಳಗೊಂದು ಬೀಡಿ ಮುಗಿಸಿ ಹೋದ.
ನಾಲ್ಕು ಮನೆ ಒಪ್ಪಿದವು. ಐದನೆಯವರು
ಮಗಳ ಮದುವೆ ಮುಗೀಲಿ ಅಂದರು.
ಆರನೆಯದಕ್ಕೆ ಬೀಗ.

ಹಾಗಾಗಿ ನಮ್ಮ ಮನೆಯ ಇಂಟರ್ನೆಟ್ಟು
ಅತ್ತೆಯ ಸಂಚಿಯಲ್ಲಿದೆ.
ಎಲೆ, ಗೋಟಡಿಕೆ, ಸುಣ್ಣದ ಡಬ್ಬಿ,
ಅದಕ್ಕೆ ಒತ್ತಿಕೊಂಡು ಬಿರುಕು ಗಾಜಿನ ಫೋನು.
ನಾದಿನಿ ಕೊಡಿಸಿದ್ದು.
ಅತ್ತೆಗೆ ಓದು ಬಾರದು, ಆದರೆ
ಬೆರಳಲ್ಲಿ ಎಳೆದರೆ ಇಳಿಯುವ ಪರದೆಯಲ್ಲಿ
"ಉಂಗುರದೊಳಗೆ ಉಂಗುರ" ಎಲ್ಲಿದೆ ಗೊತ್ತು.
ಒಲೆ ಹಚ್ಚುವ ಮುಂಚೆ ಅದನ್ನು ಹಚ್ಚುತ್ತಾಳೆ.

ಪಾಸ್‌ವರ್ಡ್ ಇಡುವ ದಿನ ಮಗಳು ಯಶಿಕಾ ಕೇಳಿದ್ದಳು:
ಅಜ್ಜಿ, ನೀನು ಹುಟ್ಟಿದ ತಾರೀಕು?
"ತಾರೀಕು ಯಾವನಿಗ್ಗೊತ್ತೇ? ಕೆರೆ ಕೋಡಿ ಬಿದ್ದ ವರ್ಷ."
ಅದನ್ನೇ ಇಟ್ಟಳು, ಕೆರೆಕೋಡಿ,
ಇಂಗ್ಲಿಷಿನಲ್ಲಿ ಸರಿಯಾಗಿ ಎಂಟಕ್ಷರ.
ಯಾವ ಕೆರೆ ಎಂದು ನಾವ್ಯಾರೂ ಕೇಳಲಿಲ್ಲ.

ದಿನಕ್ಕೆ ಎರಡು ಜಿಬಿ. ಅನ್ನದ ಹಾಗೆ ಬಡಿಸುತ್ತಾಳೆ.
ಮೊದಲು ಮಗುವಿನ ಪಾಠ. ಆಮೇಲೆ ಮಗನ ಗೂಡಿನ ಹರಾಜು
(ಲಾಟು ನೋಡಿ ಬಂದು, ಬಾಯ್ಲರು ಆರದ ಹಾಗೆ ಕಾಯುತ್ತ
ಇಲ್ಲಿಂದಲೇ ಕೂಗುತ್ತಾನೆ; ಅಂದರೆ ಒತ್ತುತ್ತಾನೆ).
ಮಿಕ್ಕಿದ್ದು ಮೈದುನನ ಕ್ರಿಕೆಟ್ಟಿಗೆ.
ನನಗೆ ರಾತ್ರಿ ಹನ್ನೊಂದಕ್ಕೆ ತಳ ಹತ್ತಿದ್ದು:
ರವಿಕೆ ಹೊಲಿಗೆಯ ವಿಡಿಯೊ ತೋಳಿನ ಹತ್ತಿರ ಬಂದು
ಚಕ್ರ ತಿರುಗುತ್ತ ನಿಲ್ಲುತ್ತದೆ.
ಹಗಲೆಲ್ಲ ರಾಟೆ ತಿರುಗಿಸಿದ ಕೈ. ನೋಡುತ್ತ ನಿದ್ದೆ ಹೋಗುತ್ತೇನೆ.

ಅತ್ತೆ ಎದ್ದು ಹಿತ್ತಿಲ ಬಚ್ಚಲಿಗೆ ಹೋದರೆ
ಯಶಿಕಾಳ ಗಣಿತದ ಮೇಷ್ಟ್ರು ಬಾಯಿ ತೆರೆದ ಹಾಗೇ ಕಲ್ಲಾಗುತ್ತಾರೆ.
ಗೋಡೆಯಾಚೆ ಬೆನ್ನು ಕೊಟ್ಟು ಕೂರುವ ಫರ್ಜಾನಾಳ ಮಗನೂ
"ಅಜ್ಜೀ!" ಎನ್ನುತ್ತಾನೆ.
ಅವನಿಗೆ ಎಂಟಕ್ಷರ ಕೊಟ್ಟವಳು ಅವಳೇ,
ಒಂದು ಕಟ್ಟು ಎಲೆಗೆ.
ಮಧ್ಯಾಹ್ನ ಫೋನಿಗೆ ಜ್ವರ. ಹಿಂಗೈ ಇಟ್ಟು ನೋಡಿ
ಬಿಂದಿಗೆಗೆ ಒರಗಿಸುತ್ತಾಳೆ:
"ಐದು ಜನಕ್ಕೆ ಒಂದೇ ಸಲ ಹಾಲು ಕೊಡ್ತದೆ, ಪಾಪ."

ಮೊನ್ನೆ ಕಾರ್ತೀಕದಲ್ಲಿ ತವರಿಂದ ಕರೆ ಬಂತು.
"ಕೋಡಿ ಬಿದ್ದದಂತೆ," ಅಂದಳು. ಅಷ್ಟೇ.
ಸಂಚಿ ಸಿಕ್ಕಿಸಿಕೊಂಡು ದಿಬ್ಬೂರಹಳ್ಳಿ ಬಸ್ಸು ಹತ್ತಿದಳು.

ಮೂರು ದಿನ.
ನನ್ನವನು ಮಾರುಕಟ್ಟೆಯಲ್ಲೇ ನಿಂತು
ಯಾರದೋ ನೆಟ್ಟು ಬೇಡಿ ಕೊಂಡು ಬಂದ.
ಮೈದುನ ಯಾರೂ ಹೇಳದೆ ಸೌದೆ ಸೀಳಿದ.
ಯಶಿಕಾ ಫೋನಿನ ಪಟ್ಟಿ ತೆರೆದು ಗಟ್ಟಿಯಾಗಿ ಓದಿದಳು:
ಪಿಳ್ಳಮ್ಮ. ಉಳಿಸಲಾಗಿದೆ. ವ್ಯಾಪ್ತಿಯಲ್ಲಿಲ್ಲ.
ನಾನು ಫೋನು ಕಿತ್ತು ಬೋರಲು ಹಾಕಿದೆ.
ಯಾಕೆಂದು ಅವಳು ಕೇಳಿದಳು. ಸುಮ್ಮನೆ ಅಂದೆ.

ನಾಲ್ಕನೆಯ ಸಂಜೆ
ಗೂಡು ಬೇಯಿಸಿದ ಕೈ ತೊಳೆಯುತ್ತಿದ್ದೆ,
ಮನೆಯೊಳಗಿನ ಮೂರೂ ಫೋನು ಟುಣ್ ಟುಣ್ ಅಂದವು.
ಗೋಡೆಯಾಚೆಯಿಂದ ಹುಡುಗ: "ಅಜ್ಜಿ ಬಂತು!"
ಬಾಗಿಲಲ್ಲಿ ಯಾರಿಲ್ಲ. ಹಾಲಿನ ಡೇರಿ ತಿರುವಲ್ಲೂ ಕಾಣಲಿಲ್ಲ.
ಒಂದು ಗೀರು. ಆಮೇಲೆ ಎರಡು.
ಕಾಫಿಗೆ ನೀರಿಟ್ಟೆ.
ಮೂರನೆಯ ಗೀರಿಗೆ ಕೆಸರುಗಾಲು ಹೊಸಲ ಮೇಲಿತ್ತು.
ಬಸ್ಸಿನಲ್ಲೂ ಹಚ್ಚಿಕೊಂಡೇ ಕೂತಿದ್ದಳಂತೆ,
"ಯಾರಿಗಾದ್ರೂ ಒಸಿ ಬೇಕಾದೀತು" ಅಂತ.

ವಿಡಿಯೊ ತಂದಿದ್ದಳು, ಹನ್ನೆರಡು ನಿಮಿಷ.
ತುಂಬ ಅವಳ ಹೆಬ್ಬೆರಳು, ಉಗುರಂಚಿಗೆ ಸುಣ್ಣ.
ನೀರು ಕಾಣುವುದಿಲ್ಲ. ಸದ್ದಿದೆ.
ಎಲ್ಲರೂ ತಲೆ ಸೇರಿಸಿ ಆ ಹೆಬ್ಬೆರಳನ್ನೇ ನೋಡಿದೆವು.
ನಾದಿನಿಗೆ, ಚಿಕ್ಕತ್ತೆಗೆ, ಅವಳ ಮಕ್ಕಳಿಗೆ ಕಳಿಸುವಷ್ಟರಲ್ಲಿ
ಆ ದಿನದ ಎರಡು ಜಿಬಿ ತೀರಿತು.
ಕ್ರಿಕೆಟ್ಟಿತ್ತು ಅವತ್ತು.
ಮೈದುನ ಏನೂ ಅನ್ನಲಿಲ್ಲ.