ನೀಲಿ ಚುಕ್ಕಿ

ಕೀ ತಿರುವಿದರೆ ಸಾಕು, ದಿನಾ ಬೆಳಗ್ಗೆ ಆರಕ್ಕೆ
ಪರದೆ ಬೆಳಗಿ ಅನ್ನುತ್ತಿತ್ತು: ಶುಭೋದಯ, ಬೋರೇಶ್.
ಬೋರೇಶ್ ಆಗ ಗೋಡೆ ಕಡೆ ತಿರುಗಿ ಗೊರಕೆಯಲ್ಲಿರುತ್ತಿದ್ದ.
ಕಂತು ಹೋಗುವುದು ನನ್ನ ಸಂಬಳದಿಂದ,
ಹೆಲ್ಮೆಟ್ಟಿನೊಳಗೆ ಬೆವರುವುದು ನನ್ನ ನೆತ್ತಿ,
ಆದರೂ ಶೋರೂಮಿನ ಹುಡುಗ ಅವತ್ತು
'ಸಾರ್ ಫೋನಿಗೇ ಜೋಡಿಸ್ತೀನಿ ಮೇಡಂ' ಅಂದಾಗ
ಅವರು ಕೊಟ್ಟ ಪೇಡಾ ಬಾಯಲ್ಲಿಟ್ಟುಕೊಂಡು
ನಾನೂ ತಲೆ ಆಡಿಸಿದ್ದೆ.

ನಾನು ರಕ್ತ ತೆಗೆಯುವವಳು. ಅಂದರೆ
ಲ್ಯಾಬಿನವಳು; ಕಾಲ ಬಳಿ ಐಸ್ ಪೆಟ್ಟಿಗೆ,
ಖಾಲಿ ಹೊಟ್ಟೆಯಲ್ಲಿ ಕಾದಿರುವ ಮನೆಗಳು:
ಕೆಳಗೋಟೆಯಲ್ಲಿ ಸಕ್ಕರೆ, ಬುರುಜನಹಟ್ಟಿಯಲ್ಲಿ ಥೈರಾಯ್ಡು,
ಮೆದೇಹಳ್ಳಿ ರಸ್ತೆಯ ಮೇಷ್ಟ್ರಿಗೆ ತಿಂಗಳು ತಿಂಗಳೂ ಎಲ್ಲವೂ.
ಗಾಡಿಯ ಹೊಟ್ಟೆಯಲ್ಲೊಂದು ಸಿಮ್ಮು.
ಎಲ್ಲಿ ನಿಂತೆ, ಎಷ್ಟು ಹೊತ್ತು ನಿಂತೆ,
ಎಲ್ಲಿ ಗಕ್ಕನೆ ಬ್ರೇಕು ಹಾಕಿದೆ, ಎಲ್ಲ ವರದಿ.
ಅವನ ಅಂಗೈಯ ಗಾಜಿನಲ್ಲಿ ನಾನೊಂದು ನೀಲಿ ಚುಕ್ಕಿ.

ಚುಕ್ಕಿ ಅಂದರೆ ನಮ್ಮವ್ವ ಅಂಗಳದಲ್ಲಿ ಇಡುತ್ತಿದ್ದದ್ದು,
ಹದಿನೈದರಿಂದ ಒಂದರವರೆಗೆ; ಇಟ್ಟ ಮೇಲೆ
ಗೆರೆ ಯಾವ ಕಡೆ ಬಳುಕಬೇಕೆಂಬುದು ಅವಳ ಬೆರಳಿಗೆ ಬಿಟ್ಟದ್ದು.
ಇಲ್ಲಿ ನಾನು ಹೋದಲ್ಲೆಲ್ಲ ಗೆರೆ ತಾನೇ ಬೀಳುತ್ತದೆ,
ಸಂಜೆ ಅವನು ಬೆರಳಾಡಿಸಿ ಓದುತ್ತಾನೆ:
'ಗೋಪಾಲಪುರ ರೋಡಲ್ಲಿ ಹನ್ನೊಂದು ನಿಮಿಷ. ಏನಿತ್ತು?'
ನರ ಸಿಗಲಿಲ್ಲ ರೀ. ಅಜ್ಜಿ ಕೈ, ಎರಡು ಸಲ ಚುಚ್ಚಿದೆ.
ಕೆಟ್ಟವನಲ್ಲ. ಕೈ ಎತ್ತಿದವನಲ್ಲ. ಸುಮ್ಮನೆ ಕೇಳುತ್ತಾನೆ,
ಕರೆಂಟಿನ ಮೀಟರು ಓದಿ ಬರೆದುಕೊಳ್ಳುವವನ ಹಾಗೆ.

ವರ್ಷ ತುಂಬಿತು. ಬಿಟ್ಟಿ ಡೇಟಾ ಮುಗಿಯಿತು.
ಪರದೆಯಲ್ಲಿ ಕೆಂಪು ಅಕ್ಷರ: ಸಾವಿರದ ನಾನೂರ ತೊಂಬತ್ತೊಂಬತ್ತು
ಕಟ್ಟಿದರೆ ಮ್ಯಾಪು, ಕಟ್ಟಿದರೆ ಗಾಡಿ ಎಲ್ಲಿದೆಯೆಂಬ ಸುದ್ದಿ,
ಕಟ್ಟಿದರೆ ಕೂತಲ್ಲಿಂದಲೇ ಬೀಗ.
ದುಡ್ಡು ಕೊಟ್ಟು ತಂದದ್ದಕ್ಕೆ ಮತ್ತೆ ಬಾಡಿಗೆಯಾ, ಅಂದ ಬೋರೇಶ್;
ಎರಡು ದಿನ ಕಂಪನಿಯವರ ಜನ್ಮ ಜಾಲಾಡಿ, ಮೂರನೆಯ ದಿನ
'ನೀನೇ ಕಟ್ಟಮ್ಮ, ನಿನ್ನ ಗಾಡಿ ತಾನೆ?'

ನನ್ನ ಗಾಡಿ.
ಎಷ್ಟು ಚೆನ್ನಾಗಿ ಕೇಳಿಸಿತು ಅಂದರೆ
ರಾಗಿ ಹಿಟ್ಟಿನ ಕೈ ತೊಳೆಯದೆ ಹಾಗೇ ನಿಂತೆ.
ಕಟ್ತೀನಿ ಅಂದೆ. ಕಟ್ಟಲಿಲ್ಲ.

ಈಗ ಪರದೆಯಲ್ಲಿ ವೇಗ, ಬ್ಯಾಟರಿ, ಗಂಟೆ. ಅಷ್ಟೇ.
ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ.
ಕಷ್ಟವೂ ಇದೆ, ಇಲ್ಲ ಅನ್ನಲ್ಲ:
ದೊಡ್ಡಪೇಟೆಯ ಓಣಿಯಲ್ಲಿ ಮೂರು ಸಲ ದಾರಿ ತಪ್ಪಿ
ಸ್ಯಾಂಪಲ್ಲೊಂದು ಬೆಚ್ಚಗಾಗಿ ಲ್ಯಾಬಿನಲ್ಲಿ ಬೈಸಿಕೊಂಡೆ.
ಆಮೇಲೆ ಕೇಳುವುದು ಕಲಿತೆ.
'ಗರಡಿ ಮನೆ ದಾಟಿ, ಎಮ್ಮೆ ಕಟ್ಟಿರ್ತಾರಲ್ಲ, ಅದರ ಎದುರಿಗೆ.'
ಎಮ್ಮೆ ಮೇಯಲು ಹೋಗಿತ್ತು. ಸಗಣಿ ಇತ್ತು. ಮನೆ ಸಿಕ್ಕಿತು.

ನಿನ್ನೆ ಕೊನೆಯ ಟ್ಯೂಬು ಒಪ್ಪಿಸಿ ಬಂದವಳು
ಮನೆಯ ತಿರುವಿನಲ್ಲಿ ತಿರುಗಲಿಲ್ಲ.
ಜೋಗಿಮಟ್ಟಿ ಕಡೆ ರಸ್ತೆ ಏರಿದ ಹಾಗೆ ಅಂಕಿ ಇಳಿಯುತ್ತದೆ:
ನಲವತ್ತೊಂದು, ಮೂವತ್ತಾರು.
ಬಂಡೆಗಳು ಮಧ್ಯಾಹ್ನದ ಬಿಸಿಲನ್ನು ಇನ್ನೂ ಬಿಟ್ಟುಕೊಟ್ಟಿರಲಿಲ್ಲ.
ದೂರದ ದಿಬ್ಬದಲ್ಲಿ ಗಾಳಿ ಫ್ಯಾನುಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು;
ನಮ್ಮನೆಯ ಪ್ಲಗ್ಗಿಗೆ ಬರುವ ಕರೆಂಟು
ಅಲ್ಲಿಯದೇ ಇರಬಹುದು, ಇಲ್ಲದಿರಲೂಬಹುದು.
ಖಾಲಿ ಪೆಟ್ಟಿಗೆ ಕೆಳಗಿಳಿಸಿ, ಅದರ ಮೇಲೆ ಕೂತು
ಹುರಿದ ಶೇಂಗಾ ಸುಲಿದೆ.

ಫೋನು. ಬೋರೇಶ್.
ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ
ಉತ್ತರ ಗೊತ್ತಿಲ್ಲದೆ ಕೇಳಿದ: 'ಎಲ್ಲಿದ್ದೀಯಾ?'
ಮೀಟರು ಓದುವವನ ದನಿಯಲ್ಲ ಅದು,
ಓಣಿಯ ಬಾಯಲ್ಲಿ ಗಾಡಿ ನಿಲ್ಲಿಸಿ
ದಾರಿ ವಿಚಾರಿಸುವವನದು.

ಅಂಗೈಯ ಸಿಪ್ಪೆ ಊದಿದೆ. ಹಾರಿದವು.
'ಇಲ್ಲೇ' ಅಂದೆ.
ಸ್ವಲ್ಪ ಹೊತ್ತು ಬಿಟ್ಟು,
'ಬರೋದಾದ್ರೆ ಬನ್ರಿ. ಯಾರನ್ನಾದ್ರೂ ಕೇಳ್ಕಂಡು.'